ಅಡುಗೆ ಮನೆಯ ಕರಿ ಕಾರ್ಡು

ಸಹೋದರಿಯರೇ, ನಿಮ್ಮ ಮಸಾಲೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಚಕ್ಕೆ, ಲವಂಗ, ಏಲಕ್ಕಿಗಳ ನಡುವೆ ಒಣಗಿ ಮುದುಡಿದ ಬೂದು ಬಣ್ಣದ ಚೂರುಗಳಿರುತ್ತವೆ. ಅದೇ ಕಲ್ಲುಹೂವು. ಬಿರಿಯಾನಿಗೆ ಹಾಕುವಾಗ ಇದು ಯಾವ ಗಿಡದ ಹೂವು ಎಂದು ನಾವ್ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಅದು ಹೂವೇ ಅಲ್ಲವಂತೆ. ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಜೀವಿ ಅದು. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ.ಯಲ್ಲಿ ಇತಿಹಾಸ ಓದಿದ ನನಗೆ ಇದು ತಿಳಿದದ್ದು ನಲವತ್ತು ದಾಟಿದ ಮೇಲೆ, ಮಕ್ಕಳ ಜೊತೆ ಮೈಸೂರಿಗೆ ಹೋದಾಗ.

ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. 1995ರಲ್ಲಿ ಆರಂಭವಾದದ್ದು. ಇದರ ಹಿರಿಯಕ್ಕನಂತಿದ್ದ ದೆಹಲಿಯ ಸಂಗ್ರಹಾಲಯ 1978ರಲ್ಲಿ ತೆರೆದು, 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಮೈಸೂರಿನದರಲ್ಲಿ ಮಕ್ಕಳಿಗೆಂದೇ ಕೆಲವು ವಸ್ತುಗಳನ್ನು ಮುಟ್ಟಿ ನೋಡುವ ಕೋಣೆಯಿದೆ. ಬೇಸಿಗೆ ರಜೆಯಲ್ಲಿ ಪ್ರಕೃತಿ ಅಧ್ಯಯನದ ಶಿಬಿರಗಳೂ ನಡೆಯುತ್ತವೆ. ಮೃಗಾಲಯಕ್ಕೆ ಹೋಗುವ ನಮ್ಮ ಕೊಡಗಿನ ಕುಟುಂಬಗಳು ಪಕ್ಕದಲ್ಲೇ ಇರುವ ಇದನ್ನು ನೋಡದೆ ಬಸ್ಸು ಹತ್ತುವುದೇ ಹೆಚ್ಚು. ನಾವು ಒಂಬತ್ತನೇ ತರಗತಿಯವರನ್ನು ಕರೆದುಕೊಂಡು ಹೊರಟಾಗ ಒಬ್ಬ ಹಿರಿಯರು ನಕ್ಕು, "ಕೊಡಗಿನ ಮಕ್ಕಳಿಗೆ ಗಾಳಿಯ ಪಾಠ ಹೇಳಲು ಮೈಸೂರಿಗೆ ಹೋಗಬೇಕಾ ಟೀಚರ್?" ಎಂದಿದ್ದರು.

ಅವರ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಗಾಳಿ ಅಳೆಯುವ ಯಂತ್ರ ಇಟ್ಟಿದ್ದಾರೆ. ದೇಶದಲ್ಲಿ ಗಾಳಿ ಶುದ್ಧವಾಗಿರುವ ಊರುಗಳ ಪಟ್ಟಿಯಲ್ಲಿ ಮಡಿಕೇರಿಯ ಹೆಸರು ಹಲವು ಬಾರಿ ಬಂದಿದೆ. ನಮ್ಮ ಕಾಫಿ ತೋಟದ ಮರಗಳನ್ನು ನೋಡಿದರೂ ಗೊತ್ತಾಗುತ್ತದೆ. ಕಲ್ಲುಹೂವಿನ ಜಾತಿಯವಕ್ಕೆ ಬೇರಿಲ್ಲ. ನೀರನ್ನೂ ಆಹಾರವನ್ನೂ ಗಾಳಿಯಿಂದಲೇ ಹೀರಬೇಕು. ಹಾಗಾಗಿ ಗಾಳಿಯಲ್ಲಿ ಗಂಧಕದ ಅನಿಲ ಹೆಚ್ಚಾದರೆ ಮೊದಲು ಸಾಯುವವು ಇವೇ. 1866ರಲ್ಲೇ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಒಂದು ಉದ್ಯಾನದಲ್ಲಿ ಇದನ್ನು ಗಮನಿಸಿ ಬರೆದಿದ್ದ. ತೊಗಟೆಗೆ ಅಂಟಿದ ಹಕ್ಕಳೆಯಂಥವು ಹೊಗೆಯೂರಿನಲ್ಲೂ ಹೇಗೋ ಬದುಕುತ್ತವೆ. ಗಡ್ಡದಂತೆ ಜೋತು ಬೀಳುವವು ಬದುಕುವುದಿಲ್ಲ. ಊರಿಗೆ ಮರಳಿದ ಮೇಲೆ ನಮ್ಮ ಮಕ್ಕಳು ತೋಟದ ಮರಗಳಲ್ಲಿ ಗಡ್ಡ ಹುಡುಕುವುದೇ ಒಂದು ಆಟವಾಯಿತು.

ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವಿಜ್ಞಾನದ ಟೀಚರ್ ಇನ್ನೊಂದು ಕೆಲಸ ಕೊಟ್ಟರು. ಅಂಗೈಯಗಲದ ಬಿಳಿ ರಟ್ಟಿಗೆ ತೆಳ್ಳಗೆ ವ್ಯಾಸಲಿನ್ ಸವರಿ, ಒಂದನ್ನು ರಸ್ತೆ ಬದಿಯಲ್ಲಿ, ಒಂದನ್ನು ಅಂಗಳದಲ್ಲಿ, ಒಂದನ್ನು ಅಡುಗೆ ಮನೆಯಲ್ಲಿ ಮೂರು ದಿನ ನೇತುಹಾಕಿ ತರಬೇಕು. ರಸ್ತೆಯದೇ ಕಪ್ಪಾಗಿರುತ್ತದೆ ಎಂದು ಎಲ್ಲರೂ ಪಂದ್ಯ ಕಟ್ಟಿದ್ದರು. ಸೌದೆ ಒಲೆ ಉರಿಯುವ ಮನೆಗಳಿಂದ ಬಂದ ಅಡುಗೆ ಮನೆಯ ಕಾರ್ಡುಗಳು ಕಾವಲಿಯ ತಳದಂತಿದ್ದವು.

ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ತನ್ನ ಕಾರ್ಡನ್ನು ಪುಸ್ತಕದೊಳಗೆ ಬಚ್ಚಿಟ್ಟಿದ್ದಳು. ಆಮೇಲೆ ನನ್ನ ಬಳಿ ಬಂದು, "ಟೀಚರ್, ಉಮ್ಮನಿಗೆ ಇದನ್ನು ತೋರಿಸಬೇಡಿ. ಅಡುಗೆ ಮನೆ ಗಲೀಜಿದೆ ಅಂತ ಹೇಳಿದ ಹಾಗಾಗುತ್ತದೆ" ಎಂದಳು. ಆ ಉಮ್ಮನ ಕೆಮ್ಮನ್ನು ಪೋಷಕರ ಸಭೆಯಲ್ಲಿ ನಾನು ಕೇಳಿದ್ದೇನೆ. ನನ್ನ ಉಮ್ಮನೂ ಹಾಗೆಯೇ ಕೆಮ್ಮುತ್ತಿದ್ದರು. ಕಾಳುಮೆಣಸಿನ ಕಷಾಯ ಮಾಡಿ ಕೊಡುತ್ತಿದ್ದೆವು, ಮಳೆಗಾಲದ ಶೀತ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಕೊನೆಗೆ ವೈದ್ಯರೊಬ್ಬರು "ಬೀಡಿ ಸೇದುತ್ತಾರಾ?" ಎಂದು ಕೇಳಿದಾಗ ನಮಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ಒಲೆಯನ್ನು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಸೌದೆಯ ಹೊಗೆಯಲ್ಲಿ ಇರುವ ಅತಿ ಸಣ್ಣ ಕಣಗಳ ಅಗಲ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ನಮ್ಮ ತಲೆಗೂದಲಿನ ಅಗಲದ ಮೂವತ್ತರಲ್ಲಿ ಒಂದು ಪಾಲು ಎನ್ನಿ. ಮೂಗು ಅದನ್ನು ತಡೆಯಲಾರದು, ಶ್ವಾಸಕೋಶದ ತುದಿಗೆ ಇಳಿಯುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮನೆಯೊಳಗಿನ ಹೊಗೆಯಿಂದ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ತಾಯಿಯ ಸೊಂಟದಲ್ಲಿ ಕುಳಿತು ಒಲೆ ನೋಡುವ ಮಕ್ಕಳೇ ಅಲ್ಲವೇ? ಸ್ಟುವರ್ಟ್ ಹಿಲ್‌ನ ಯಂತ್ರಕ್ಕೆ ಈ ಲೆಕ್ಕ ಸಿಗುವುದಿಲ್ಲ. ಅದು ಅಳೆಯುವುದು ಬಯಲಿನ ಗಾಳಿಯನ್ನು.

ಗ್ಯಾಸ್ ಇಲ್ಲವೇ ಎಂದು ನೀವು ಕೇಳಬಹುದು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಎಷ್ಟೋ ಮನೆಗೆ ಸಿಲಿಂಡರ್ ಬಂದಿದೆ. ಆದರೆ ತೋಟದಲ್ಲಿ ಮರ ಕಸಿ ಮಾಡಿದಾಗ ಕೊಂಬೆ ಪುಕ್ಕಟೆ ಸಿಗುತ್ತದೆ. ಸಿಲಿಂಡರ್ ತುಂಬಿಸಲು ಹಣ ಬೇಕು. ಚಹಾಕ್ಕೆ ಗ್ಯಾಸ್, ಅನ್ನಕ್ಕೂ ಸ್ನಾನದ ನೀರಿಗೂ ಸೌದೆ. ಆ ತಾಯಿಗೆ ಬುದ್ಧಿ ಹೇಳುವ ಮೊದಲು ಅವಳ ಲೆಕ್ಕವನ್ನು ನಾವು ಮಾಡಿ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕಡಿಮೆ ಸೌದೆ ಬೇಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಕೊಳವೆಯ ಮಸಿ ಆಗಾಗ ತೆಗೆಯದಿದ್ದರೆ ಮಾತ್ರ ಹೊಗೆ ಮತ್ತೆ ಒಳಗೇ ತಿರುಗುತ್ತದೆ. ಮಳೆಗೆ ಮೊದಲೇ ಸೌದೆ ಒಣಗಿಸಿ ಒಳಗಿಟ್ಟುಕೊಂಡರೂ ಹೊಗೆ ಎಷ್ಟೋ ಕಡಿಮೆ. ಹಸಿ ಕೊಂಬೆಯನ್ನು ಊದಿ ಊದಿ ಹೊತ್ತಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗಿ ಕೊನೆಗೆ ಕಾರ್ಡನ್ನು ತಾನೇ ಉಮ್ಮನಿಗೆ ತೋರಿಸಿದಳಂತೆ. ಉಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಬೆರಳಿನಿಂದ ಮಸಿ ಸವರಿ ನೋಡಿ, "ಇಷ್ಟೊಂದು ಇದ್ದರೆ ನನ್ನ ಎದೆಯಲ್ಲಿ ಎಷ್ಟಿರಬೇಕು?" ಎಂದರಂತೆ. ಲೈನ್ ಮನೆಯ ಗೋಡೆ ಕೊರೆದು ಕೊಳವೆ ಇಡಲು ತೋಟದ ಮಾಲೀಕರ ಒಪ್ಪಿಗೆ ಬೇಕು. ಅದು ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಸ್ನಾನದ ನೀರಿನ ಒಲೆಯನ್ನು ಹಿತ್ತಲಿನ ಮಾಡಿಗೆ ಸಾಗಿಸಿದ್ದಾರೆ. ಎರಡನೆಯ ಸಲ ಕಟ್ಟಿದ ಕಾರ್ಡು ಬೂದು ಬಣ್ಣಕ್ಕೆ ಬಂದಿತ್ತು. ಜೂನ್‌ನಲ್ಲಿ ಮಳೆ ಹಿಡಿದಾಗ ಒಲೆ ಮತ್ತೆ ಒಳಗೆ ಬಂತು. ಮಳೆ ನಿಂತ ಮೇಲೆ ಮೂರನೆಯ ಕಾರ್ಡು ಕಟ್ಟುತ್ತೇನೆಂದು ಹುಡುಗಿ ನನ್ನಿಂದ ಒಂದು ರಟ್ಟು ಕೇಳಿ ತೆಗೆದುಕೊಂಡಿದ್ದಾಳೆ.