ಎರಡು ಕಾರು, ಒಂದು ಮಣೆ

ಹಿಂದೆ ದನದ ಜಾತ್ರೆಗೆ ಹೋದ ರೈತನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದನು. ಮೈಮೇಲಿನ ಸುಳಿ ನೋಡುತ್ತಿದ್ದನು. ನಡೆಯಿಸಿ, ತಿರುಗಿಸಿ, ಸಾಧ್ಯವಾದರೆ ನೊಗಕ್ಕೆ ಹೂಡಿ ಒಂದು ಸುತ್ತು ಹೊಡೆಯುತ್ತಿದ್ದನು. ಅಷ್ಟೆಲ್ಲ ಆದ ಮೇಲೆಯೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಇಂದು ಅದೇ ರೈತನ ಮೊಮ್ಮಗನು ಹತ್ತು ಲಕ್ಷ ರೂಪಾಯಿ ತೆತ್ತು ಕಾರು ಕೊಳ್ಳುವಾಗ ನೋಡುವುದೇನನ್ನು? ಮೊದಲು ಬಣ್ಣವನ್ನು, ಆಮೇಲೆ ನೆರೆಮನೆಯವರ ಅಂಗಳವನ್ನು!

ಈ ಮಾತು ಬರೆಯಲು ಕಾರಣರಾದವರು ತೀರ್ಥಹಳ್ಳಿಯ ಕಡೆಯ ನನ್ನ ಸ್ನೇಹಿತರೊಬ್ಬರು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಮೇಷ್ಟರು ಎಂದೇ ಕರೆಯೋಣ. ಒಂದು ಬೆಳಿಗ್ಗೆ ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಎರಡು ನುಣುಪು ಕಾಗದದ ಪುಸ್ತಿಕೆಗಳನ್ನು ಹರಡಿಕೊಂಡು ಕುಳಿತರು. ಒಂದು ಟಾಟಾ ನೆಕ್ಸಾನ್ ಕಾರಿನದು, ಮತ್ತೊಂದು ಮಾರುತಿ ಬ್ರೆಝಾದ್ದು.

"ಮಗಳ ಮದುವೆ ಕಳೆದು ನಿವೃತ್ತಿಯ ಹಣದಲ್ಲಿ ಉಳಿದದ್ದು ಇಷ್ಟು. ಮತ್ತೊಂದು ಕಾರು ಕೊಳ್ಳುವ ಯೋಗ ಈ ಜನ್ಮದಲ್ಲಿಲ್ಲ. ತಪ್ಪಿದರೆ ಸಪ್ಲಿಮೆಂಟರಿ ಪರೀಕ್ಷೆಯೂ ಇಲ್ಲ, ಮಾರಾಯರೆ. ಯಾವುದು ಒಳ್ಳೆಯದು, ಹೇಳಿಬಿಡಿ" ಎಂದರು.

"ಯಾರಿಗೆ ಒಳ್ಳೆಯದು?" ಎಂದು ಕೇಳಿದೆ.

ಮೇಷ್ಟರು ಮುಖ ನೋಡಿದರು. ನಾನು ಪುಸ್ತಿಕೆಗಳನ್ನು ಮುಚ್ಚಿಸಿ, ಒಂದು ಬಿಳಿಯ ಹಾಳೆ ಕೊಟ್ಟು, ಮೊದಲು ತಮ್ಮ ಮನೆಯ ಲೆಕ್ಕ ಬರೆಯಬೇಕೆಂದು ಕೇಳಿಕೊಂಡೆ. ಕೂರುವವರು ಯಾರು? ಅವರು, ಅವರ ಮನೆಯವರು, ಎಂಬತ್ತೆರಡು ವರ್ಷದ ತಾಯಿ. ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಗ, ಸೊಸೆ. ಹೋಗುವುದೆಲ್ಲಿಗೆ? ತಿಂಗಳಿಗೆರಡು ಸಲ ಶಿವಮೊಗ್ಗ. ವರ್ಷಕ್ಕೆ ನಾಲ್ಕು ಸಲ ತಾಯಿಯವರ ಕಣ್ಣು ತೋರಿಸಲು ಆಗುಂಬೆ ಘಾಟಿಯಿಳಿದು ಮಣಿಪಾಲ. ಮನೆಗೆ ಮುಟ್ಟುವ ಕೊನೆಯ ಅರ್ಧ ಮೈಲಿ ಮಣ್ಣುರಸ್ತೆ, ಮಳೆಗಾಲದಲ್ಲಿ ಕೆಸರು. ಎಲ್ಲ ಕೂಡಿಸಿದರೆ ವರ್ಷಕ್ಕೆ ಆರು ಸಾವಿರ ಕಿಲೋಮೀಟರು. ಈ ಹಾಳೆಯೇ ಪ್ರಶ್ನೆಪತ್ರಿಕೆ, ಪುಸ್ತಿಕೆಗಳು ಉತ್ತರಪತ್ರಿಕೆಗಳು. ಪ್ರಶ್ನೆಯನ್ನೇ ನೋಡದೆ ಉತ್ತರಕ್ಕೆ ಅಂಕ ಕೊಡುವ ಮೇಷ್ಟರುಂಟೆ?

ಈಗ ಕಾರುಗಳ ವಿಷಯ. 'ಚಿಕ್ಕ ಎಸ್‌ಯುವಿ' ಎಂಬ ಹೆಸರು ಕೇಳಿ ಕಾಡುಗುಡ್ಡ ಹತ್ತುವ ಜೀಪೆಂದು ಭ್ರಮಿಸತಕ್ಕದ್ದಲ್ಲ. ಈ ಎರಡರಲ್ಲಿಯೂ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ನೆಲದಿಂದ ಸ್ವಲ್ಪ ಎತ್ತರ, ಕೂತರೆ ದಾರಿ ಚೆನ್ನಾಗಿ ಕಾಣುವ ಆಸನ, ಗುಂಡಿಗೆ ಅಂಜದ ಚಕ್ರ, ಇಷ್ಟೇ ಇವುಗಳ ಸಂಪತ್ತು. ಮಲೆನಾಡಿನ ರಸ್ತೆಗೆ ಅಷ್ಟು ಸಾಕು. ಗದ್ದೆಗಿಳಿಸಿದರೆ ಟ್ರ್ಯಾಕ್ಟರಿಗೆ ಹೇಳಿಕಳುಹಿಸಬೇಕಾದೀತು.

ಎರಡರ ಉದ್ದವೂ 3995 ಮಿಲಿಮೀಟರು. ಎರಡು ಬೇರೆ ಕಾರ್ಖಾನೆಗಳು, ಒಂದೇ ಅಳತೆ! ಇದು ಕಾಕತಾಳೀಯವಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರು ಮೀರದ, ಪೆಟ್ರೋಲಿನದಾದರೆ 1200 ಸಿ.ಸಿ., ಡೀಸೆಲಿನದಾದರೆ 1500 ಸಿ.ಸಿ. ಒಳಗಿನ ಎಂಜಿನ್ನುಳ್ಳ ಕಾರುಗಳಿಗೆ ಅಬಕಾರಿ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿದರು. ಅಂದಿನಿಂದ ನಮ್ಮ ದೇಶದ ಕಾರುಗಳ ಬಾಲವನ್ನು ತೆರಿಗೆಯ ಕತ್ತರಿಯೇ ಕತ್ತರಿಸುತ್ತ ಬಂದಿದೆ. ಆದರೆ ಉದ್ದ ಒಂದೇ ಆದ ಮಾತ್ರಕ್ಕೆ ತೆರಿಗೆ ಒಂದೇ ಅಲ್ಲ. ನೆಕ್ಸಾನಿನ ಪೆಟ್ರೋಲ್ ಎಂಜಿನ್ನು 1199 ಸಿ.ಸಿ., ಬ್ರೆಝಾದ್ದು 1462. ಆದಕಾರಣ 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿ.ಎಸ್.ಟಿ. ದರದಂತೆ ಮೊದಲನೆಯದಕ್ಕೆ ನೂರಕ್ಕೆ 18, ಎರಡನೆಯದಕ್ಕೆ ನೂರಕ್ಕೆ 40. ಹಳೆಯ ಬೆಲೆಪಟ್ಟಿ ಹಿಡಿದು ವಾದಿಸುವವರು ಈ ದಿನಾಂಕವನ್ನು ಗಮನಿಸುವುದು ಒಳ್ಳೆಯದು.

ಎಂಜಿನ್ನುಗಳ ಸ್ವಭಾವವೂ ಬೇರೆ. ಬ್ರೆಝಾಕ್ಕೆ ನಾಲ್ಕು ಸಿಲಿಂಡರು. ನಿಂತಲ್ಲಿ ಉಸಿರಾಡುವುದೇ ಕೇಳಿಸದಷ್ಟು ಸಾಧು. ನೆಕ್ಸಾನಿಗೆ ಮೂರು, ನಿಂತಾಗ ಸಣ್ಣ ನಡುಕ ಅಂಗಾಲಿಗೆ ತಿಳಿಯುತ್ತದೆ. ಆದರೆ ಅದಕ್ಕೆ ಟರ್ಬೊ ಎಂಬ ಊದುಕೊಳವೆಯ ಬೆಂಬಲವಿದ್ದು, ಎಳೆಯುವ ಶಕ್ತಿ 170 ನ್ಯೂಟನ್ ಮೀಟರು. ಬ್ರೆಝಾದ್ದು ಸುಮಾರು 137. ಇದಲ್ಲದೆ ನೆಕ್ಸಾನಿನಲ್ಲಿ ಡೀಸೆಲ್ ಕೂಡ ಉಂಟು. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಡೀಸೆಲ್ಲನ್ನೇ ಕೈಬಿಟ್ಟರು. ಡೀಸೆಲ್ ಅಗ್ಗವೆಂದು ಮೇಷ್ಟರ ಮನಸ್ಸು ಅತ್ತ ವಾಲಿತ್ತು. ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿರುತ್ತದೆ. ಆಗಾಗ ದೂರ ಓಡಿಸಿ ಕಾಯಿಸದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ ಆರು ಸಾವಿರ ಕಿಲೋಮೀಟರು ಓಡಿಸುವವರಿಗೆ ಅದು ಬೇಡದ ಉಸಾಬರಿ ಎಂದೆ. ಒಪ್ಪಿದರು.

ಇನ್ನು ಇಂಧನ. "ಬ್ರೆಝಾ ಹೆಚ್ಚು ಮೈಲೇಜು ಕೊಡುತ್ತದೆ" ಎಂಬುದು ಊರೆಲ್ಲ ಬಲ್ಲ ಮಾತು, ನಿಜವಾದ ಮಾತು. ಆದರೆ ಎಷ್ಟು ಹೆಚ್ಚು, ಯಾರಿಗೆ ಹೆಚ್ಚು? ಪುಸ್ತಿಕೆಯ ಅಂಕಿಗಳನ್ನು ಬದಿಗಿಟ್ಟು, ಒಂದು ಲೀಟರಿಗೆ 15 ಕಿಲೋಮೀಟರು, ಮತ್ತೊಂದು 13 ಎಂದು ಹಿಡಿಯಿರಿ ಎಂದೆ. ಗಣಿತದ ಮೇಷ್ಟರಲ್ಲವೆ, ಪೆನ್ಸಿಲು ತಾನೇ ಓಡಿತು. ಆರು ಸಾವಿರ ಕಿಲೋಮೀಟರಿಗೆ ಒಂದಕ್ಕೆ 400 ಲೀಟರು, ಮತ್ತೊಂದಕ್ಕೆ 461. ಲೀಟರಿಗೆ ನೂರು ರೂಪಾಯಿ ಎಂದರೂ ವರ್ಷಕ್ಕೆ ಆರು ಸಾವಿರ ಚಿಲ್ಲರೆ, ತಿಂಗಳಿಗೆ ಐನೂರು. "ಇದಕ್ಕಾಗಿ ನಾನು ಮೂರು ವಾರ ನಿದ್ದೆಗೆಟ್ಟೆನೆ?" ಎಂದು ಮೇಷ್ಟರು ನಕ್ಕರು. ದಿನಕ್ಕೆ ನೂರು ಕಿಲೋಮೀಟರು ಓಡಿಸುವವನಿಗೆ ಇದೇ ಲೆಕ್ಕ ಬೇರೆ ಉತ್ತರ ಕೊಟ್ಟೀತು.

ಬೆಲೆಯಲ್ಲಿ ಮತ್ತೊಂದು ಕಣಿವೆಯುಂಟು. ಕರ್ನಾಟಕದ ಜೀವಾವಧಿ ರಸ್ತೆ ತೆರಿಗೆ, 2025ರ ಕ್ರಮದಂತೆ, ಹತ್ತು ಲಕ್ಷದವರೆಗಿನ ಪೆಟ್ರೋಲ್ ಕಾರಿಗೆ ನೂರಕ್ಕೆ 14. ಹತ್ತು ದಾಟಿದರೆ 17. ಇದರ ಮೇಲೆ ಉಪಕರ ಬೇರೆ. 9 ಲಕ್ಷ 90 ಸಾವಿರದ ಕಾರಿಗೆ ತೆರಿಗೆ 1,38,600 ರೂಪಾಯಿಯಾದರೆ, 10 ಲಕ್ಷ 10 ಸಾವಿರದ್ದಕ್ಕೆ 1,71,700. ಎಂದರೆ ಇಪ್ಪತ್ತು ಸಾವಿರದ ಅಲಂಕಾರಕ್ಕೆ ಮೂವತ್ತಮೂರು ಸಾವಿರದ ತೆರಿಗೆ! ಮೇಷ್ಟರ ಮಗನು ಬೆಂಗಳೂರಿನಿಂದ ಫೋನಿನಲ್ಲಿ ಹಟ ಹಿಡಿದದ್ದು ಆಕಾಶ ಕಾಣುವ ಗಾಜಿನ ಮಾಡಿಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಆಕಾಶವನ್ನು ನೋಡಿ ಏನು ಮಾಡುವುದು? ಅದನ್ನು ಬಿಟ್ಟರೆ ದರ್ಜೆ ಒಂದು ಮೆಟ್ಟಿಲು ಇಳಿಯಿತು, ತೆರಿಗೆಯೂ ಇಳಿಯಿತು. ಆದುದರಿಂದ ವಾಚಕರೆ, ಕಾರಿನ ಹೆಸರಿಗೆ ಹೆಸರನ್ನು ಹೋಲಿಸಬೇಡಿ. ದರ್ಜೆಗೆ ದರ್ಜೆಯನ್ನು ಇಟ್ಟು, ರಸ್ತೆಗಿಳಿಯುವ ಒಟ್ಟು ಮೊತ್ತವನ್ನು ಬರೆಸಿಕೊಂಡು ಹೋಲಿಸಿ. ವಿಮೆಯನ್ನು ಷೋರೂಮಿನಲ್ಲಿಯೇ ಮಾಡಿಸಬೇಕೆಂಬ ನಿಯಮವಿಲ್ಲ ಎಂಬುದೂ ನೆನಪಿರಲಿ.

ಇಷ್ಟು ಹೊತ್ತು ಲೆಕ್ಕದಲ್ಲಿ ಚುರುಕಾಗಿದ್ದ ಮೇಷ್ಟರು, ನಕ್ಷತ್ರಗಳ ಮಾತು ಬಂದಾಗ ಪೆನ್ಸಿಲು ಕೆಳಗಿಟ್ಟರು.

ನಕ್ಷತ್ರವೆಂದರೆ ಜಾತಕದ್ದಲ್ಲ, ಅಪಘಾತ ಪರೀಕ್ಷೆಯದು. ಕಾರನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ತಡೆಗೋಡೆಯೊಂದಕ್ಕೆ ಹೊಡೆಸಿ, ಒಳಗೆ ಕೂರಿಸಿದ ಬೊಂಬೆಗಳಿಗೆ ಎಷ್ಟು ಪೆಟ್ಟಾಯಿತೆಂದು ಅಳೆಯುವ ಕ್ರಮ. ನೆಕ್ಸಾನ್ 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆಯಿತು. ಭಾರತದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಕಾರೊಂದಕ್ಕೆ ಅದೇ ಮೊದಲು. ನಿಯಮಗಳು ಬಿಗಿಯಾದ ಮೇಲೂ 2024ರಲ್ಲಿ ಅದೇ ಅಂಕ ಉಳಿಸಿಕೊಂಡಿತು. ಅದೇ ವರ್ಷ ನಮ್ಮದೇ ಆದ ಭಾರತ್ ಎನ್‌ಕ್ಯಾಪ್‌ನಲ್ಲಿಯೂ ಐದು ಗಳಿಸಿತು. ಬ್ರೆಝಾ 2018ರಲ್ಲಿ ನಾಲ್ಕು ಪಡೆದಿತ್ತು. ಗೌರವದ ಅಂಕವೇ ಸರಿ. ಆದರೆ ಅದು 'ವಿಟಾರಾ ಬ್ರೆಝಾ' ಎಂಬ ಹಳೆಯ ಆವೃತ್ತಿಯದು; ಹೊಸ ಬ್ರೆಝಾ ಬಂದದ್ದು 2022ರಲ್ಲಿ. ಅಣ್ಣನ ಅಂಕಪಟ್ಟಿ ತೋರಿಸಿ ತಮ್ಮನಿಗೆ ಸೀಟು ಕೇಳಬಾರದು. ಯಾವ ಕಾರಿಗೇ ಆಗಲಿ, ನಾವು ಕೇಳತಕ್ಕ ಪ್ರಶ್ನೆ ಒಂದೇ: ನಾನು ಕೊಳ್ಳುವ ಈ ಆವೃತ್ತಿಗೆ, ಯಾವ ವರ್ಷ, ಯಾವ ನಿಯಮದಲ್ಲಿ ಪರೀಕ್ಷೆಯಾಯಿತು?

"ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರು ನೆನಪಿದ್ದಾರೆಯೆ?" ಎಂದರು ಮೇಷ್ಟರು. ನೆನಪಿದ್ದರು. ಘಾಟಿಯ ತಿರುವಿನಲ್ಲಿ ಎದುರಿಂದ ಬಂದ ಲಾರಿ. ಮುಂದೆ ಬೆಲ್ಟು ಕಟ್ಟಿ ಕುಳಿತಿದ್ದ ಅವರು ಕೈ ಮುರಿದುಕೊಂಡು ಉಳಿದರು. ಹಿಂದೆ ಕುಳಿತಿದ್ದ ಅವರ ಹೆಂಡತಿ ಉಳಿಯಲಿಲ್ಲ. "ಕಾರಿನ ಹಿಂಭಾಗಕ್ಕೆ ಒಂದು ಗೀಚೂ ಬಿದ್ದಿರಲಿಲ್ಲ ಮಾರಾಯರೆ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ: ಆ ಐದು ನಕ್ಷತ್ರಗಳು ಬೆಲ್ಟು ಕಟ್ಟಿಕೊಂಡ ಬೊಂಬೆಗಳಿಗೆ ಕೊಟ್ಟವು. ಕಟ್ಟಿಕೊಳ್ಳದವರಿಗೆ ಒಂದೂ ಇಲ್ಲ. ಕಾರು ನಿಂತರೂ ಹಿಂದೆ ಕುಳಿತವರ ದೇಹವು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ಬೆಲೆಬಾಳುವ ವಿದೇಶೀ ಕಾರಿನ ಹಿಂದಿನ ಆಸನದಲ್ಲಿ. ಹಿಂದೆ ಕುಳಿತಿದ್ದ ಇಬ್ಬರೂ ಬೆಲ್ಟು ಧರಿಸಿರಲಿಲ್ಲವೆಂದು ಪೋಲೀಸರು ಹೇಳಿದರು. ಹಿಂದಿನವರಿಗೂ ಬೆಲ್ಟು ಕಡ್ಡಾಯವೆಂಬ ನಿಯಮ ಬಹುಕಾಲದಿಂದ ಇದೆ. ತಪ್ಪಿದರೆ ಸಾವಿರ ರೂಪಾಯಿ ದಂಡ. ನಾವು ಮಾತ್ರ ಆ ಬೆಲ್ಟನ್ನು ಆಸನದ ಸಂದಿಗೆ ತುರುಕಿ ಅದರ ಮೇಲೆ ಕೂರುತ್ತೇವೆ.

ಮುಂದಿನ ವಾರ ಎರಡು ಕಾರುಗಳನ್ನೂ ಪರೀಕ್ಷೆಗೆಂದು ಮನೆಯ ಬಾಗಿಲಿಗೇ ತರಿಸಿದೆವು. ಕೇಳಿದರೆ ತಂದು ತೋರಿಸುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೆ. ಷೋರೂಮಿನ ಮುಂದಿನ ಸಪಾಟು ರಸ್ತೆಯಲ್ಲಿ ಒಬ್ಬರೇ ಕುಳಿತು ಒಂದು ಮೈಲಿ ಓಡಿಸಿದರೆ ಎಲ್ಲ ಕಾರುಗಳೂ ಒಳ್ಳೆಯವೇ. ಮನೆಮಂದಿಯೆಲ್ಲ ಕುಳಿತು, ಹವಾನಿಯಂತ್ರಣ ಹಾಕಿ, ನಿಮ್ಮ ಊರಿನ ಏರನ್ನೇ ಹತ್ತಿಸಬೇಕು. ಇದೇ ನೊಗ ಹೂಡಿ ನೋಡುವ ಕ್ರಮ. ಏರಿನಲ್ಲಿ ಬ್ರೆಝಾ ಒಂದು ಗೇರು ಇಳಿಸಿಕೊಂಡು ಸಮಾಧಾನವಾಗಿ ಹತ್ತಿತು. ನೆಕ್ಸಾನ್ ಸ್ವಲ್ಪ ಗದ್ದಲ ಮಾಡಿ, ಹೆಚ್ಚು ಹುರುಪಿನಿಂದ ಹತ್ತಿತು. ಮಣ್ಣುರಸ್ತೆಯಲ್ಲಿ ಎರಡೂ ಹೊಟ್ಟೆ ತಾಗಿಸಲಿಲ್ಲ. ಡಿಕ್ಕಿಯ ಜಾಗ ನೆಕ್ಸಾನಿನಲ್ಲಿ 382 ಲೀಟರು, ಬ್ರೆಝಾದಲ್ಲಿ 328. ಎತ್ತರ ಬ್ರೆಝಾದ್ದು 1685 ಮಿಲಿಮೀಟರು, ನೆಕ್ಸಾನಿನದು 1620; ಎತ್ತರದ ಆಳಾದ ಮೇಷ್ಟರ ತಲೆಗೆ ಬ್ರೆಝಾ ಹೆಚ್ಚು ಹಿತವಾಯಿತು.

ತೊಡಕು ಬಂದದ್ದು ತಾಯಿಯವರಿಂದ. ಬ್ರೆಝಾದೊಳಗೆ ಸೊಸೆಯ ಕೈಹಿಡಿದು ಹೇಗೋ ಹತ್ತಿ ಕುಳಿತರು. ನೆಕ್ಸಾನಿನ ಮುಂದೆ ಸೀರೆಯ ನೆರಿಗೆ ಹಿಡಿದು ನಿಂತು, "ಇದಕ್ಕೆ ಕಾಲು ಎತ್ತಲಾರೆ ಮಗಾ" ಎಂದುಬಿಟ್ಟರು. ಮೇಷ್ಟರ ಮುಖ ಬಾಡಿತು. ನಕ್ಷತ್ರ ಒಂದು ಕಡೆ, ತಾಯಿಯ ಮೊಣಕಾಲು ಒಂದು ಕಡೆ. ಯಾವ ಪುಸ್ತಿಕೆಯಲ್ಲಿಯೂ ಈ ಲೆಕ್ಕಕ್ಕೆ ಉತ್ತರವಿರಲಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಮಗನ ಮುಖ ನೋಡಿದರು. "ನಿನಗೆ ಇದೇ ಏಕೆ ಬೇಕು?" ಎಂದು ಕೇಳಿದರು. ಮೇಷ್ಟರು ಡ್ರಾಯಿಂಗ್ ಮೇಷ್ಟರ ಹೆಸರು ಹೇಳಿದರು, ಹೆಚ್ಚಿಗೆ ಹೇಳಲಿಲ್ಲ. "ಅವಳು ಗೌರಿಹಬ್ಬಕ್ಕೆ ತಪ್ಪದೆ ನನಗೆ ಬಾಗಿನ ತರುತ್ತಿದ್ದಳು" ಎಂದರು ಅಜ್ಜಿ. ಆಮೇಲೆ ಸೊಸೆಯ ಕಡೆ ತಿರುಗಿ, "ಅಡುಗೆಮನೆಯಿಂದ ಆ ಹಲಸಿನ ಮಣೆ ತಾ" ಎಂದರು. ಮಣೆ ಬಂತು, ಬಾಗಿಲ ಕೆಳಗೆ ಇಟ್ಟದ್ದಾಯಿತು, ಅಜ್ಜಿ ಅದರ ಮೇಲೆ ಒಂದು ಹೆಜ್ಜೆ, ಒಳಗೆ ಒಂದು ಹೆಜ್ಜೆ ಇಟ್ಟು ಕುಳಿತರು. ಅಷ್ಟಕ್ಕೆ ನಿಲ್ಲದೆ, "ಎಲ್ಲಿ, ಆ ಪಟ್ಟಿ ಕೊಡು. ನಾನು ಕಟ್ಟಿಕೊಳ್ಳದಿದ್ದರೆ ನೀನು ಕಾರು ಬಿಡುವುದಿಲ್ಲವಲ್ಲ" ಎಂದರು.

ಮೇಷ್ಟರು ಕೊಂಡದ್ದು ನೆಕ್ಸಾನ್. ಇದನ್ನು ಓದಿ ವಾಚಕರೆಲ್ಲ ಅದನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ನನ್ನ ತಂಗಿ ದಿನಕ್ಕೆ ನಲವತ್ತು ಕಿಲೋಮೀಟರನ್ನು ವಾಹನಗಳ ನಡುವೆ ತೆವಳುತ್ತ ಕಳೆಯುವವಳು. ಕ್ಲಚ್ಚು ತುಳಿದು ಅವಳ ಕಾಲು ಸೋತಿದೆ. ಗೇರು ತಾನೇ ಬದಲಾಗುವ ಬ್ರೆಝಾವನ್ನು ಮೊದಲು ಓಡಿಸಿ ನೋಡೆಂದು ಅವಳಿಗೆ ಬರೆದಿದ್ದೇನೆ. ಹಾಳೆ ಬೇರೆಯಾದರೆ ಉತ್ತರವೂ ಬೇರೆ. ಕಾರಿಗೂ ಕಾರಿಗೂ ಹೋಲಿಕೆ ಮಾಡುವುದು ಸುಲಭ. ಕಾರಿಗೂ ಮನೆಗೂ ಮಾಡುವುದೇ ಕಷ್ಟ, ಅದೇ ಮುಖ್ಯ.

ಕಳೆದ ವಾರ ಮೇಷ್ಟರು ಮಣಿಪಾಲಕ್ಕೆ ಹೋಗಿ ಬಂದರು. ಡಿಕ್ಕಿಯಲ್ಲಿ ಸ್ಟೆಪ್ನಿಯ ಮೇಲ್ಗಡೆ ಹಲಸಿನ ಮಣೆ ಭದ್ರವಾಗಿತ್ತಂತೆ. ಮನೆಯಲ್ಲಿ ಊಟಕ್ಕೆ ಒಂದು ಮಣೆ ಕಡಿಮೆಯಾಗಿದೆ ಎಂಬುದೊಂದೇ ಅವರ ಮನೆಯವರ ದೂರು.