ಹಂಗಿನ ಅನ್ನ

ಬೀದರ ಜಿಲ್ಲೆಯ ಹುಲಸೂರ ಮಹಾರಾಷ್ಟ್ರದ ಗಡಿಗೆ ಸಮೀಪವಾಗಿರುವ ಊರು. ಅಲ್ಲಿಂದ ಅನತಿ ದೂರದಲ್ಲಿ ಬಸವಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟದ್ದು ಈ ನೆಲದಲ್ಲಿಯೇ. ಮನಃಪೂರ್ವಕವಾಗಿ ಕೈಗೊಂಡ ದುಡಿಮೆ ಮಾತ್ರ ಕಾಯಕವೆನಿಸುತ್ತದೆ. ಬಲವಂತದಿಂದ ಮಾಡಿಸಿಕೊಂಡದ್ದು ಕಾಯಕವಲ್ಲ. ಆದರೆ ಶತಮಾನಗಳು ಉರುಳಿದಂತೆ ಈ ಸೀಮೆ ಸೇರಿಹೋದ ಹೈದರಾಬಾದು ಸಂಸ್ಥಾನದಲ್ಲಿ ಸಾಲಕ್ಕೆ ಈಡಾಗಿ ದುಡಿಯುವ ಆಳುಗಳ ಒಂದು ವರ್ಗವೇ ಇತ್ತು. ಸಂಸ್ಥಾನದ ಹಲವೆಡೆ ಅಂಥವರನ್ನು ಭಗೇಲರೆಂದು ಕರೆಯುತ್ತಿದ್ದರು. ಕನ್ನಡ ನಾಡಿನ ಇತರ ಭಾಗಗಳಲ್ಲಿ ಇದಕ್ಕೆ ಜೀತವೆಂದು ಹೆಸರು.

ಜೀತ ಹುಟ್ಟುವ ಬಗೆ ಬಹು ಸರಳ. ಮನೆಯಲ್ಲಿ ಮದುವೆ, ಕಾಯಿಲೆ, ಇಲ್ಲವೆ ಬರಗಾಲ, ಕೈಯಲ್ಲಿ ಕಾಸಿಲ್ಲ. ಬಡವ ಒಡೆಯನ ಬಾಗಿಲಿಗೆ ಹೋಗಿ ಸಾಲ ಪಡೆಯುತ್ತಾನೆ. ಅಡವಿಡಲು ಹೊಲವಿಲ್ಲ, ಒಡವೆಯಿಲ್ಲ. ಆದುದರಿಂದ ಅವನು ತನ್ನನ್ನೇ ಅಡವಿಡುತ್ತಾನೆ. ಅವನ ದುಡಿಮೆ ಬಡ್ಡಿಗೆ ಜಮೆಯಾಗುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ. ಲೆಕ್ಕದ ಪುಸ್ತಕ ಒಡೆಯನ ಕೈಯಲ್ಲಿ. ಓದು ಬಾರದ ಆಳಿಗೆ ಹೆಬ್ಬೆಟ್ಟಿನ ಗುರುತಷ್ಟೇ ಗೊತ್ತು. ತಂದೆ ತೀರಿಕೊಂಡರೂ ಸಾಲ ತೀರುವುದಿಲ್ಲ. ಅದು ಮಗನ ಹೆಗಲೇರುತ್ತದೆ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿಯಲ್ಲಿ ಕಾಫಿ ತೋಟದ ಸಾಲ ಚೋಮನ ಮಕ್ಕಳನ್ನೇ ತೋಟಕ್ಕೆ ಎಳೆದೊಯ್ಯುತ್ತದೆ. ಸ್ವಂತ ಬೇಸಾಯ ಮಾಡಬೇಕೆಂಬ ಅವನ ಆಸೆ ಕೊನೆಯವರೆಗೂ ಕೈಗೂಡುವುದಿಲ್ಲ.

ಇಂತಹ ಪದ್ಧತಿಗೂ ಸಮರ್ಥಕರಿದ್ದರು. “ಆಳಿಗೆ ಎರಡು ಹೊತ್ತಿನ ಊಟ, ವರುಷಕ್ಕೊಂದು ಬಟ್ಟೆ ದೊರೆಯುತ್ತದೆ, ಬಿಡಿಸಿದರೆ ಅವನು ಉಪವಾಸ ಬೀಳುತ್ತಾನೆ” ಎಂಬುದು ಒಂದು ವಾದ. “ಪಡೆದ ಸಾಲವನ್ನು ತೀರಿಸುವುದು ಧರ್ಮವಲ್ಲವೇ?” ಎಂಬುದು ಇನ್ನೊಂದು. “ಕಾಲ ಬಂದಾಗ ತಾನಾಗಿಯೇ ಅಳಿಯುತ್ತದೆ, ಅವಸರವೇಕೆ?” ಎಂಬುದು ಮೂರನೆಯದು.

ಈ ವಾದಗಳು ಹೊಸವಲ್ಲ. ಕಡಲಾಚೆಯ ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧವೆಲ್ಲ ಇವೇ ಮಾತುಗಳು ಮೊಳಗಿದವು. ಅಲ್ಲಿ ಮನುಷ್ಯನನ್ನು ಸಂತೆಯಲ್ಲಿ ಮಾರುತ್ತಿದ್ದರು. ಇಲ್ಲಿ ಸಾಲದಿಂದ ಕಟ್ಟುತ್ತಿದ್ದರು. ಎರಡೂ ಒಂದೇ ಅಲ್ಲ. ಆದರೆ ಸಮರ್ಥನೆಯ ಧಾಟಿ ಮಾತ್ರ ಒಂದೇ. ದಕ್ಷಿಣದ ನಾಯಕ ಜಾನ್ ಕ್ಯಾಲ್ಹೂನ್ 1837ರಲ್ಲಿ ಸೆನೆಟ್ ಸಭೆಯಲ್ಲಿ ಗುಲಾಮಗಿರಿ ಕೇಡಲ್ಲ, ಒಳಿತೇ ಎಂದು ವಾದಿಸಿದನು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ತನ್ನ ಬಾಳನ್ನೇ ಸಾಕ್ಷಿಯಾಗಿಟ್ಟು ಅಂತಹ ಮಾತುಗಳ ಟೊಳ್ಳನ್ನು ತೋರಿಸಿದನು. ರಾಜಕಾರಣಿಗಳು ರಾಜಿಯ ದಾರಿ ಹಿಡಿದರು. 1820ರಲ್ಲಿ ಒಂದು ಒಪ್ಪಂದ, 1850ರಲ್ಲಿ ಮತ್ತೊಂದು. ಪ್ರತಿ ಒಪ್ಪಂದವೂ ಸಮಸ್ಯೆಯನ್ನು ಮುಂದೂಡಿತೇ ಹೊರತು ಬಗೆಹರಿಸಲಿಲ್ಲ. 1857ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಕರಿಯರು ಅಮೆರಿಕದ ನಾಗರಿಕರೇ ಅಲ್ಲವೆಂದು ತೀರ್ಪಿತ್ತಿತು. ಮರುವರ್ಷ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಜನರೆದುರು ಈ ಪ್ರಶ್ನೆಯನ್ನೇ ಚರ್ಚಿಸಿದರು. 1860ರ ಚುನಾವಣೆಯಲ್ಲಿ ಲಿಂಕನ್ ಗೆದ್ದ ಮೇಲೆ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟವನ್ನು ತೊರೆದವು. ನಾಲ್ಕು ವರ್ಷಗಳ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಮಡಿದರು. ಮಾತಿನಿಂದ ತೀರಬೇಕಾದ ಋಣವನ್ನು ರಕ್ತದಿಂದ ತೀರಿಸಬೇಕಾಯಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಡುಗಡೆ ಹೊಂದಿದವರಲ್ಲಿ ಬಹುಮಂದಿಗೆ ನೆಲ ದೊರೆಯಲಿಲ್ಲ. ಅವರು ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಹಿಡಿದು, ಬೀಜಕ್ಕೂ ಕಾಳಿಗೂ ಸಾಲ ಮಾಡಿ, ಮತ್ತೆ ಋಣದ ಬಲೆಗೆ ಸಿಕ್ಕಿದರು. ಸರಪಳಿ ಹೋಯಿತು, ಲೆಕ್ಕದ ಪುಸ್ತಕ ಬಂದಿತು. ಭಾರತದ ಅನುಭವವೂ ಇದಕ್ಕಿಂತ ದೂರವಲ್ಲ. 1843ರಲ್ಲಿ ಕಂಪನಿ ಸರ್ಕಾರವು ಮನುಷ್ಯನ ಮೇಲಿನ ಒಡೆತನವನ್ನು ತನ್ನ ನ್ಯಾಯಾಲಯಗಳು ಮನ್ನಿಸಲಾಗದೆಂದು ಕಾಯಿದೆ ಮಾಡಿತು. ಆದರೂ ಒಡೆತನ ಕಳೆದಲ್ಲಿ ಸಾಲ ಅದರ ಜಾಗವನ್ನು ಹಿಡಿಯಿತು.

ಸ್ವತಂತ್ರ ಭಾರತವು ಈ ಪ್ರಶ್ನೆಯನ್ನು ಯುದ್ಧದಿಂದಲ್ಲ, ಸಂವಿಧಾನದಿಂದ ಎದುರಿಸಿತು. 23ನೆಯ ಅನುಚ್ಛೇದವು ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯು ಜೀತದಾಳುಗಳೆಲ್ಲರೂ ಸ್ವತಂತ್ರರೆಂದು ಸಾರಿ, ಜೀತಕ್ಕೆ ಕಾರಣವಾದ ಸಾಲವನ್ನೇ ಅಳಿಸಿಹಾಕಿತು. ಅಳಿಯಬೇಕಾದ ಪದ್ಧತಿಗಳ ಹೆಸರುಗಳಲ್ಲಿ ಜೀತವೂ ಭಗೇಲವೂ ಸೇರಿವೆ. 1982ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ಹೇಳಿತು; ಹಸಿವಿನ ಒತ್ತಾಯವೂ ಒತ್ತಾಯವೇ ಎಂದು ಮನಗಂಡಿತು.

ಇನ್ನು ಸಮರ್ಥಕರ ಮಾತುಗಳನ್ನು ತೂಗಿ ನೋಡಬಹುದು. ಹೊತ್ತಿಗೆ ಸರಿಯಾಗಿ ಮೇವು ನೀರು ಎತ್ತಿಗೂ ದೊರೆಯುತ್ತದೆ. ಅಷ್ಟರಿಂದ ಎತ್ತು ಸ್ವತಂತ್ರವಾಗದು. ಸಾಲ ತೀರಿಸುವುದು ಧರ್ಮವೆಂಬುದು ನಿಜ. ಆದರೆ ದುಡಿಮೆಗೆ ನ್ಯಾಯವಾದ ಬೆಲೆ ಕಟ್ಟಿದ್ದರೆ ಆ ಸಾಲ ಎಂದೋ ತೀರಿರುತ್ತಿತ್ತು. ತೀರಲಾರದಂತೆ ಹೆಣೆದ ಸಾಲ ಸಾಲವಲ್ಲ, ಬಲೆ. ಕಾಲವೇ ಎಲ್ಲವನ್ನೂ ಸರಿಪಡಿಸುವುದೆಂಬ ನಂಬಿಕೆಗೆ ಅಮೆರಿಕದ ಇತಿಹಾಸವೇ ಉತ್ತರ. ಕಾಯ್ದಷ್ಟೂ ಅನ್ಯಾಯ ಬೇರೂರುತ್ತದೆ. ಕೀಳುವಾಗ ನೆಲವೇ ಬಿರಿಯುತ್ತದೆ.

ಬಿಟ್ಟರೆ ಉಪವಾಸ ಬೀಳುತ್ತಾನೆಂಬ ಮಾತಿನಲ್ಲಿ ಮಾತ್ರ ಒಂದು ಎಚ್ಚರಿಕೆ ಅಡಗಿದೆ. ಅದು ಜೀತವನ್ನು ಉಳಿಸಲು ಕಾರಣವಲ್ಲ. ಬಿಡುಗಡೆಯನ್ನು ಪೂರ್ಣಗೊಳಿಸಲು ಕಾರಣ. ಬಿಡುಗಡೆಯಾದವನಿಗೆ ಒಂದು ತುಂಡು ನೆಲವೋ, ಒಂದು ಕಸುಬೋ, ಕಷ್ಟಕಾಲದಲ್ಲಿ ನ್ಯಾಯವಾದ ಬಡ್ಡಿಯ ಸಾಲವೋ, ಮಕ್ಕಳಿಗೆ ಶಾಲೆಯೋ ದೊರೆಯದಿದ್ದರೆ ಅವನು ಬೇರೊಂದು ಬಾಗಿಲಿಗೆ ಹೋಗಿ ಕೈಚಾಚಲೇಬೇಕು. ಇಂದಿಗೂ ದೇಶದ ಇಟ್ಟಿಗೆ ಗೂಡುಗಳಲ್ಲಿ, ಕಲ್ಲು ಗಣಿಗಳಲ್ಲಿ ಮುಂಗಡ ಹಣ ಪಡೆದು ಸಂಸಾರ ಸಮೇತ ಸಿಕ್ಕಿಬೀಳುವವರಿದ್ದಾರೆ. ಕಾಯಿದೆಯ ಪುಸ್ತಕದಲ್ಲಿ ಜೀತ ಸತ್ತಿದೆ. ಮುಂಗಡವೆಂಬ ಹೊಸ ಹೆಸರಿನಲ್ಲಿ ಅದು ಉಸಿರಾಡುತ್ತಿದೆ.

ಲೆಕ್ಕವನ್ನು ತಾನೇ ಓದಬಲ್ಲ, ಒಪ್ಪದ ಕೆಲಸವನ್ನು ಒಲ್ಲೆನೆನ್ನಬಲ್ಲ, ನಾಳೆಯ ದಿನವನ್ನು ತನ್ನದೆನ್ನಬಲ್ಲ ಮನುಷ್ಯನೇ ಸ್ವತಂತ್ರನು. ಅವನ ತಟ್ಟೆಯಲ್ಲಿ ಒಂದೇ ರೊಟ್ಟಿಯಿದ್ದರೂ ಅದು ಹಂಗಿನ ಅನ್ನವಲ್ಲ. ಕಲ್ಯಾಣದ ನೆಲದಲ್ಲಿ ಮೊಳೆತ ಕಾಯಕವೆಂಬ ಮಾತಿಗೆ ಅಂತಹ ದುಡಿಮೆಯಲ್ಲಿಯೇ ಅರ್ಥವಿದೆ.