ಸೊಂಟದ ಕೆಳಗಿನ ಏಟು

ಬಾಕ್ಸಿಂಗ್ ಎಂಬ ಶಬ್ದ ಕಂಡ ಕೂಡಲೆ ಇದು ಗಂಡಸರ ಓದು ಎಂದು ಪುಟ ತಿರುವಿ ಹಾಕಬೇಡಿ. ನಾನೂ ಹುಟ್ಟಿದಾಗಿನಿಂದ ಆ ಕೈಗವಸು ತೊಟ್ಟವಳಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ನೀರು ಕುಡಿದು, ವರ್ಗಾವಣೆಯ ಟ್ರಂಕು ಹೊತ್ತು ತಿರುಗಿದ ಒಬ್ಬ ಅಕ್ಕೋರು, ಅಷ್ಟೆ. ಆದರೆ ಆ ಆಟದ ಸುತ್ತ ಒಂದು ವಾದ ನಡೆಯುತ್ತದಲ್ಲ, ಏಟು ಸೊಂಟದ ಮೇಲೆ ಬಿತ್ತೋ ಕೆಳಗೆ ಬಿತ್ತೋ, ರೆಫರಿ ಕಂಡನೋ ಕಾಣಲಿಲ್ಲವೋ, ಅಂಕ ಹಾಕಿದವರು ಕಣ್ಣು ತೆರೆದು ಹಾಕಿದರೋ ಮುಚ್ಚಿ ಹಾಕಿದರೋ ಎಂದು, ಆ ವಾದ ನಮಗೂ ಸೇರಿದ್ದು ಎಂದು ನಾನು ಹಟ ಹಿಡಿದು ಹೇಳುತ್ತೇನೆ. ನಮ್ಮಲ್ಲಿ ತೀರ್ಪನ್ನು ಪ್ರಶ್ನಿಸುವ ಹಕ್ಕು ಗಂಡಿಗೆ ಹುಟ್ಟಿನಿಂದಲೇ ಬರುತ್ತದೆ. ಅದನ್ನೇ ಹೆಣ್ಣು ಮಾಡಿದರೆ ಅದಕ್ಕೆ 'ಬಾಯಿ' ಎಂದು ಹೆಸರು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಹುಡುಗ ಮಾಸ್ತರರು ಊಟದ ಡಬ್ಬಿ ಬಿಚ್ಚಿಟ್ಟು ಮೊಬೈಲಿನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತಾರೆ. ಅವರ ಕೃಪೆಯಿಂದಲೇ ನನಗೆ ಉಸಿಕ್ ಮತ್ತು ದುಬ್ವಾ ಎಂಬ ಇಬ್ಬರ ಪರಿಚಯವಾದದ್ದು. 2023ರ ಆಗಸ್ಟ್ 26ರಂದು ಪೋಲೆಂಡಿನಲ್ಲಿ ಈ ಹೆವಿವೇಟ್ ಪಂದ್ಯ ನಡೆಯಿತು. ಐದನೇ ಸುತ್ತಿನಲ್ಲಿ ಇಂಗ್ಲೆಂಡಿನ ದುಬ್ವಾ ಕೊಟ್ಟ ಏಟಿಗೆ ಉಕ್ರೇನಿನ ಉಸಿಕ್ ನೆಲಕ್ಕೆ ಬಿದ್ದ. ಇದು ಸೊಂಟದ ಕೆಳಗಿನ ಏಟು ಎಂದು ರೆಫರಿ ಹೇಳಿ, ಬಿದ್ದವನಿಗೆ ಸುಧಾರಿಸಿಕೊಳ್ಳಲು ಸಮಯ ಕೊಟ್ಟರು. ಅಂಥ ಏಟು ಬಿದ್ದವನಿಗೆ ಐದು ನಿಮಿಷದವರೆಗೂ ವಿಶ್ರಾಂತಿ ಕೊಡಬಹುದು ಎಂಬುದು ಆ ಆಟದ ನಿಯಮ. ಉಸಿಕ್ ಎದ್ದು ಒಂಬತ್ತನೇ ಸುತ್ತಿನಲ್ಲಿ ಗೆದ್ದ. ಅಂದಿನಿಂದ ಜಗತ್ತು ಎರಡು ಭಾಗವಾಗಿದೆ. ಏಟು ಪಟ್ಟಿಯ ಮೇಲೆ ಬಿದ್ದಿತ್ತು, ದುಬ್ವಾನೇ ಗೆದ್ದಿದ್ದ ಎನ್ನುವವರು ಒಂದು ಕಡೆ. ರೆಫರಿ ಮಾಡಿದ್ದೇ ಸರಿ ಎನ್ನುವವರು ಇನ್ನೊಂದು ಕಡೆ. 2025ರ ಜುಲೈನಲ್ಲಿ ಲಂಡನ್ನಿನಲ್ಲಿ ಅವರಿಬ್ಬರೂ ಮತ್ತೆ ಕಾದಾಡಿ, ಉಸಿಕ್ ಅದೇ ಐದನೇ ಸುತ್ತಿನಲ್ಲಿ ದುಬ್ವಾನನ್ನು ಕೆಡವಿದ. ಆದರೂ ವಾದ ಮುಗಿದಿಲ್ಲ.

ಕಾರಣವೇನು ಗೊತ್ತೇ? ಹೊಕ್ಕಳ ಮಟ್ಟದಲ್ಲಿ ಒಂದು ಗೆರೆ ಎಳೆದಂತೆ ಭಾವಿಸಿ, ಅದರ ಕೆಳಗೆ ಹೊಡೆಯಬಾರದು ಎಂಬುದು ನಿಯಮ. ಆದರೆ ಆಟಗಾರರು ಚಡ್ಡಿಯನ್ನು ಹೊಕ್ಕಳ ಮೇಲಕ್ಕೆ ಏರಿಸಿ ಕಟ್ಟುತ್ತಾರೆ. ಹಾಗಾಗಿ ಗೆರೆ ಎಲ್ಲಿ ಎಂಬುದೇ ಅರ್ಧ ಜಗಳ. ಹೊಕ್ಕಳ ಮೇಲೆ ಉಡಬೇಕೋ ಕೆಳಗೆ ಉಡಬೇಕೋ ಎಂಬ ಚರ್ಚೆ ನಮ್ಮ ಸೀರೆಯ ವಿಷಯದಲ್ಲಿ ಮಾತ್ರ ಇದೆ ಎಂದುಕೊಂಡಿದ್ದೆ!

ಇದೇನು ನಮಗೆ ಹೊಸದಲ್ಲ ಬಿಡಿ. ನಮ್ಮ ಸೀಮೆಯ ಯಾವ ಜಾತ್ರೆಗೆ ಹೋದರೂ ತೇರಿನ ಮರುದಿನವೋ ಅದರ ಮರುದಿನವೋ ಕುಸ್ತಿ ಇರುತ್ತದೆ. 'ಜಂಗಿ ನಿಕಾಲಿ ಕುಸ್ತಿ' ಎಂದು ಕರಪತ್ರ ಹಂಚುತ್ತಾರೆ, ಬೆಳ್ಳಿ ಕಡಗ ಇಡುತ್ತಾರೆ, ಹಲಗಿ ಬಾರಿಸುತ್ತಾರೆ. ಬೆನ್ನು ಮಣ್ಣಿಗೆ ತಾಗಿದರೆ ಚಿತ್. ತಾಗಿತೋ ಇಲ್ಲವೋ ಎಂಬುದನ್ನು ಪಂಚರು ಹೇಳಬೇಕು. ಪಂಚರು ಕೈ ಎತ್ತುವುದೇ ತಡ, ಅರ್ಧ ಮಂದಿ 'ಚಿತ್ ಆಗೇತಿ' ಎಂದು ಪಟಗ ಹಾರಿಸಿದರೆ, ಇನ್ನರ್ಧ ಮಂದಿ 'ಆಗಿಲ್ಲ, ಒಂದs ಬುಜಾ ತಾಗೇತಿ' ಎಂದು ಕಣದೊಳಗೇ ನುಗ್ಗುತ್ತಾರೆ. ಪೈಲ್ವಾನರಿಬ್ಬರೂ ಮಣ್ಣು ಕೊಡವಿಕೊಂಡು ನೀರು ಕುಡಿಯುತ್ತಿರುತ್ತಾರೆ, ಕುಸ್ತಿ ಮಾತ್ರ ಪ್ರೇಕ್ಷಕರಲ್ಲಿ ಮುಂದುವರಿಯುತ್ತದೆ. ಕಡೆಗೆ ಊರ ಹಿರಿಯರು ಬಂದು 'ಬರಾಬರಿ' ಎಂದು ಬಿಡಿಸಿ ಇನಾಮನ್ನು ಎರಡು ಪಾಲು ಮಾಡಿದರೆ ಸಂಜೆಯಾಗುತ್ತದೆ. ಆಮೇಲೂ ಆ ಒಂದು ಭುಜದ ಮಾತು ಮುಂದಿನ ಜಾತ್ರೆಯವರೆಗೆ ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎತ್ತಿನ ಸಂತೆಯಲ್ಲಿ ನಡೆಯುತ್ತಲೇ ಇರುತ್ತದೆ. ಇದರಲ್ಲಿ ಬಹಳ ಮಂದಿ ಗೆದ್ದೆತ್ತಿನ ಬಾಲ ಹಿಡಿಯುವವರು, ಇಲ್ಲವೇ ತಮ್ಮೂರಿನವನು ಎಂಬ ಒಂದೇ ಕಾರಣಕ್ಕೆ ಗಂಟಲು ಹರಿದುಕೊಳ್ಳುವವರು. ನಿಜ. ಆದರೂ ಆ ವಾದ ನನಗೆ ಇಷ್ಟ. ಪಂಚ ಎಂದರೆ ದೇವರಲ್ಲ, ಅವನ ಕಣ್ಣೂ ತಪ್ಪುತ್ತದೆ, ಅವನನ್ನು ಕೇಳಬಹುದು ಎಂಬ ನಂಬಿಕೆ ಅದರಲ್ಲಿದೆ. ನನ್ನ ತಕರಾರು ಇರುವುದು ಆ ಕಣದ ಸುತ್ತ ನಾವಿಲ್ಲ ಎಂಬುದರಲ್ಲಿ.

ಈಗ ಮಣಿಪುರದ ಸರಿತಾ ದೇವಿಯ ಕಥೆ ಹೇಳುತ್ತೇನೆ. ಮಗು ಹೆತ್ತ ಮರುವರ್ಷವೇ ಮತ್ತೆ ರಿಂಗಿಗೆ ಇಳಿದು, 2014ರಲ್ಲಿ ಗ್ಲಾಸ್ಗೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದವಳು. ಅದೇ ವರ್ಷದ ಸೆಪ್ಟೆಂಬರ್ 30ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟದ 60 ಕಿಲೋ ವಿಭಾಗದ ಸೆಮಿಫೈನಲ್. ಎದುರಾಳಿ ಅದೇ ನಾಡಿನ ಪಾರ್ಕ್ ಜಿ-ನಾ. ಸರಿತಾಳ ಏಟುಗಳನ್ನು ಕಂಡವರೆಲ್ಲ ಆಕೆ ಗೆದ್ದಳೆಂದೇ ತಿಳಿದಿದ್ದರು. ಮೂವರು ತೀರ್ಪುಗಾರರೂ ಪಾರ್ಕ್ ಗೆದ್ದಳೆಂದು ಬರೆದರು. ದೂರು ಕೊಡಲು 500 ಡಾಲರ್ ಶುಲ್ಕ ಕಟ್ಟಬೇಕಿತ್ತು. ಅದಕ್ಕಾಗಿ ಓಡಾಡಿದ್ದು ಕೋಟು ಹಾಕಿಕೊಂಡು ಹೋಗಿದ್ದ ನಮ್ಮ ಅಧಿಕಾರಿಗಳಲ್ಲ, ಆಕೆಯ ಗಂಡ. ಸಾಲ ತಂದು ಹೊಂದಿಸಿದರು. ದೂರು ಕೊಟ್ಟ ಮೇಲೆ ಉತ್ತರವೇನು? ತೀರ್ಪುಗಾರರು ಹಾಕಿದ ಅಂಕದ ಮೇಲೆ ದೂರು ಕೊಡುವಂತೆಯೇ ಇಲ್ಲ, ನಿಯಮ ಹಾಗಿದೆ!

ಮರುದಿನ ಪದಕ ಕೊಡುವ ಹೊತ್ತಿಗೆ ಸರಿತಾ ಕೊರಳು ಬಗ್ಗಿಸಲಿಲ್ಲ. ಕಂಚನ್ನು ಕೈಯಲ್ಲಿ ತೆಗೆದುಕೊಂಡು, ಅಳುತ್ತಲೇ ಹೋಗಿ ಪಾರ್ಕಳ ಕೊರಳಿಗೆ ಹಾಕಿದಳು. ಟಿ.ವಿ.ಯಲ್ಲಿ ಆ ದೃಶ್ಯ ನೋಡಿದವರಿಗೆ ನೆನಪಿರಬಹುದು. ಆಮೇಲೆ ಶುರುವಾಯಿತು ನೋಡಿ ಉಪದೇಶ. ಕ್ರೀಡಾಮನೋಭಾವ ಬೇಕು, ದೇಶದ ಮಾನ ಹೋಯಿತು, ಇಷ್ಟೊಂದು ರಂಪ ಯಾಕೆ ಎಂದು. ಸರಿತಾ ಲಿಖಿತವಾಗಿ ಕ್ಷಮೆ ಕೇಳಿದಳು. ಆದರೂ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಆಕೆಯನ್ನು ಒಂದು ವರ್ಷ ಹೊರಗಿಟ್ಟಿತು, ದಂಡವನ್ನೂ ಹಾಕಿತು.

ಉಸಿಕ್ ಪಂದ್ಯದ ಬಗ್ಗೆ ಊಟದ ಡಬ್ಬಿ ಆರುವವರೆಗೂ ವಾದಿಸುವ ನಮ್ಮ ಮಾಸ್ತರರೊಬ್ಬರು ಸರಿತಾಳ ಮಾತು ತೆಗೆದಾಗ ಹೇಳಿದ್ದನ್ನು ಕೇಳಿ: "ತಗೊಂಡು ಸುಮ್ಮ ಬರಬೇಕಾಗಿತ್ರಿ ಮೇಡಂ, ಕಂಚಾದ್ರೂ ಕಂಚ ಅಲ್ಲೇನ್ರಿ?" ನಾನು ಕೇಳಿದೆ, "ಹಂಗಾದ್ರ ದುಬ್ವಾಗೂ ಸುಮ್ಮ ಮನೀಗಿ ಹೋಗು ಅನ್ರಿ, ಅವನ ಪರವಾಗಿ ನೀವ್ಯಾಕ ವರ್ಷಗಟ್ಟಲೆ ಕೂಗಾಡ್ತೀರಿ?" ಅವರು ಗಂಟೆ ಆಯಿತೆಂದು ಎದ್ದು ಹೋದರು. ಗಂಟೆ ಆಗಿರಲಿಲ್ಲ.

ತೀರ್ಪು ಕೊಡುವವರು ತಪ್ಪುವುದೇ ಇಲ್ಲ ಎನ್ನುವವರಿಗೆ ಆ ಆಟದ ಚರಿತ್ರೆಯೇ ಉತ್ತರ ಹೇಳುತ್ತದೆ. 1988ರ ಸೋಲ್ ಒಲಿಂಪಿಕ್ಸಿನ ಫೈನಲಿನಲ್ಲಿ ಅಮೆರಿಕದ ರಾಯ್ ಜೋನ್ಸ್ ಎಂಬ ಹುಡುಗ, ಎಣಿಸಿದವರ ಲೆಕ್ಕದಲ್ಲಿ, 86 ಏಟು ಹೊಡೆದ, ಎದುರಾಳಿ ಪಾರ್ಕ್ ಸಿ-ಹುನ್ ಹೊಡೆದದ್ದು 32. ಚಿನ್ನ ಹೋದದ್ದು ಪಾರ್ಕ್‌ಗೆ, ಮೂರಕ್ಕೆ ಎರಡು. ಆಮೇಲೆ ಆ ಕೂಟದ ಅತ್ಯುತ್ತಮ ಬಾಕ್ಸರ್ ಎಂಬ ಪ್ರಶಸ್ತಿಯನ್ನು ಸೋತ ಜೋನ್ಸ್‌ಗೇ ಕೊಟ್ಟರು. ಕೆನ್ನೆಗೆ ಹೊಡೆದು ಬೆಲ್ಲ ಕೊಟ್ಟ ಹಾಗೆ! 2016ರ ರಿಯೊ ಒಲಿಂಪಿಕ್ಸಿನಲ್ಲಿ ಕೆಲಸ ಮಾಡಿದ 36 ಮಂದಿ ರೆಫರಿ, ತೀರ್ಪುಗಾರರಲ್ಲಿ ಒಬ್ಬರನ್ನೂ ಟೋಕಿಯೊಗೆ ಕರೆಯಲಿಲ್ಲ. ರಿಯೊದಲ್ಲಿ ಪಂದ್ಯಗಳನ್ನು ತಿರುಚುವ ವ್ಯವಸ್ಥೆಯೇ ಇತ್ತೆಂದು 2021ರಲ್ಲಿ ತನಿಖಾ ವರದಿ ಬಂತು. ಸರಿತಾಳನ್ನು ಶಿಕ್ಷಿಸಿದ ಅದೇ ಅಂತಾರಾಷ್ಟ್ರೀಯ ಸಂಸ್ಥೆಗೆ ಕೊಟ್ಟಿದ್ದ ಮಾನ್ಯತೆಯನ್ನು ಒಲಿಂಪಿಕ್ ಸಮಿತಿ 2023ರಲ್ಲಿ ಕಿತ್ತುಕೊಂಡಿತು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದಾಗ, ಬೆಳೆ ಹೋಯಿತೆಂದು ಅತ್ತವಳಿಗೆ ದಂಡ ಹಾಕಿದ್ದರು!

ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಆ ಪಾರ್ಕ್ ಸಿ-ಹುನ್, ಗೆದ್ದೆನೆಂದು ಘೋಷಿಸಿದ ಕೂಡಲೆ ತಾನೇ ಸಂಕೋಚದಿಂದ ಜೋನ್ಸ್‌ನನ್ನು ಎತ್ತಿ ಹಿಡಿದಿದ್ದ. 35 ವರ್ಷಗಳ ನಂತರ, 2023ರಲ್ಲಿ, ಅಮೆರಿಕಕ್ಕೆ ಹೋಗಿ ಆ ಚಿನ್ನದ ಪದಕವನ್ನು ಜೋನ್ಸ್‌ನ ಕೈಗೇ ಕೊಟ್ಟು ಬಂದ. ತನ್ನದಲ್ಲದ್ದನ್ನು ಇಟ್ಟುಕೊಂಡು ಅವನು ಹೇಗೆ ಮಲಗಿದನೋ, ಮೂವತ್ತೈದು ವರ್ಷ!

ಹಾಗೆಂದು ಸೋತವರೆಲ್ಲ ಅನ್ಯಾಯಕ್ಕೆ ಸಿಕ್ಕವರೆಂದು ನಾನು ಹೇಳುತ್ತಿಲ್ಲ. ಟೋಕಿಯೊದಲ್ಲಿ, 2021ರ ಜುಲೈನಲ್ಲಿ, ನಾಲ್ಕು ಮಕ್ಕಳ ತಾಯಿ ಮೇರಿ ಕೋಮ್ ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾಳ ಎದುರು ಸೋತಾಗ ನಮ್ಮ ಮಂದಿಯೆಲ್ಲ ಮೋಸ ಮೋಸ ಎಂದು ಕೂಗಿದರು. ಮೂರು ಸುತ್ತಿನಲ್ಲಿ ಎರಡನ್ನು ಗೆದ್ದವಳು ಸೋಲುವುದು ಹೇಗೆ? ನಾನು ಕಾಗದ ಪೆನ್ಸಿಲು ಹಿಡಿದು ಕೂತೆ. ಐವರು ತೀರ್ಪುಗಾರರು, ಸುತ್ತು ಗೆದ್ದವರಿಗೆ 10, ಸೋತವರಿಗೆ 9 ಅಥವಾ ಅದಕ್ಕಿಂತ ಕಡಿಮೆ. ಪ್ರತಿಯೊಬ್ಬರೂ ತಮ್ಮ ಮೂರು ಸುತ್ತಿನ ಅಂಕ ಕೂಡಿಸಿ ಯಾರು ಗೆದ್ದರೆಂದು ಹೇಳುತ್ತಾರೆ. ಮೊದಲ ಸುತ್ತು ನಾಲ್ವರ ಲೆಕ್ಕದಲ್ಲಿ ವಲೆನ್ಸಿಯಾಳದು. ಉಳಿದೆರಡು ಸುತ್ತು ಮೇರಿಗೆ ಬಂದವು, ಆದರೆ ಮೂರಕ್ಕೆ ಎರಡರ ಅಂತರದಲ್ಲಿ. ಒಬ್ಬೊಬ್ಬರ ಹಾಳೆಯನ್ನು ಬೇರೆ ಬೇರೆ ಕೂಡಿಸಿದರೆ ಮೂವರ ಹಾಳೆಯಲ್ಲಿ ವಲೆನ್ಸಿಯಾ ಮುಂದೆ. ಕೂಡಿಸುವ ಲೆಕ್ಕ ಸರಿಯಾಗಿಯೇ ಇತ್ತು. ಆ ಪದ್ಧತಿ ಯಾರಿಗೂ ಅರ್ಥವಾಗದಂತಿದೆ ಎಂದು ಬೇಕಾದರೆ ಬಯ್ಯಿರಿ. ತಾನೇ ಗೆದ್ದೆನೆಂದು ತಿಳಿದು ಕೈ ಎತ್ತಿ ನಗುತ್ತ ಇಳಿದು ಬಂದವಳಿಗೆ ಆಮೇಲೆ ಸೋಲಿನ ಸುದ್ದಿ ತಿಳಿಯಿತೆಂದರೆ ಬಯ್ಯಲೇಬೇಕು. ಆದರೆ ಮೋಸ ಎನ್ನುವ ಮುಂಚೆ ಕೂಡಿಸಿ ನೋಡಬೇಕು.

ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಿದ ನನಗೆ ಇದೇನು ಹೊಸದಲ್ಲ. ನಮ್ಮ ಶಾಲೆಯ ಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ, ಯಾವ ಮಗುವಿನದೆಂದು ಗೊತ್ತಾಗುವುದಿಲ್ಲ, ಎದುರಿಗೆ ಮಾದರಿ ಉತ್ತರವಿರುತ್ತದೆ. ಇಷ್ಟಾದರೂ ಮಗುವಿಗೆ ಸಂಶಯ ಬಂದರೆ ದುಡ್ಡು ಕಟ್ಟಿ ತನ್ನ ಪತ್ರಿಕೆಯ ಪ್ರತಿ ತರಿಸಿಕೊಳ್ಳಬಹುದು, ಮರುಮೌಲ್ಯಮಾಪನ ಕೇಳಬಹುದು. ಹಾಗೆ ಕೇಳಿದ ಹುಡುಗಿಯನ್ನು ಯಾರೂ ಒಂದು ವರ್ಷ ಶಾಲೆಯಿಂದ ಹೊರಗಿಡುವುದಿಲ್ಲ. ಅಂಕ ಹಾಕುವವಳನ್ನು ಅನುಮಾನಿಸಿದರೆಂದು ನಾನು ಸಣ್ಣವಳಾಗಲಿಲ್ಲ. ಪೆನ್ನು ಹಿಡಿದಾಗ ಇನ್ನಷ್ಟು ಎಚ್ಚರವಾಗಿದ್ದೇನೆ, ಅಷ್ಟೆ.

ಇಂಚಿಯಾನ್, ಟೋಕಿಯೊ ದೂರವಾದರೆ ನಮ್ಮ ಶಾಲೆಗಳ ಕ್ರೀಡಾಕೂಟಕ್ಕೆ ಬನ್ನಿ. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ಕೆಲವು ವರ್ಷಗಳ ಹಿಂದೆ ತಾಲೂಕು ಮಟ್ಟದ ಹೆಣ್ಣುಮಕ್ಕಳ ಕಬಡ್ಡಿ ನಡೆದಿತ್ತು. ಎರಡು ಅಂಕ ಹಿಂದಿದ್ದ ನಮ್ಮ ಹುಡುಗಿ ಕೊನೆಯ ರೇಡಿನಲ್ಲಿ ಮೂವರನ್ನು ಮುಟ್ಟಿ, ಪಕ್ಕದ ಲಾಬಿಯಲ್ಲಿ ಉರುಳಿ ನಡುಗೆರೆ ದಾಟಿದಳು. ಅಂಪೈರ್ ಔಟ್ ಎಂದರು, ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟಳಂತೆ. ಅಂಪೈರ್ ಎದುರು ತಂಡದ ಶಾಲೆಯ ಮಾಸ್ತರರೇ ಆಗಿದ್ದರು. ನಾಯಕಿ ಹತ್ತಿರ ಹೋಗಿ, "ಸರ್, ಅಕಿ ಮುಟ್ಟಿದ ಮ್ಯಾಲೆ ಲಾಬಿಗಿ ಹೋಗ್ಯಾಳ್ರಿ, ಇನ್ನೊಬ್ಬ ಸರ್‌ಗ ಕೇಳ್ರಿ" ಎಂದಳು. ಕೇಳಿದ್ದು ಅಷ್ಟೇ. "ಹೆಣ್ಣ ಹುಡಿಗ್ಯಾಗಿ ಎಷ್ಟ ಬಾಯಿ ಮಾಡ್ತಿ! ಹೋಗಿ ಅಲ್ಲಿ ನಿಂದ್ರು" ಎಂದರು ಅವರು. ಅದೇ ಸಂಜೆ ಹುಡುಗರ ಫೈನಲಿನಲ್ಲಿ ಇಂಥದೇ ತಕರಾರು ಬಂತು. ಹತ್ತು ಜನ ಗಂಡಸರು ಅಂಕಣಕ್ಕೆ ನುಗ್ಗಿದರು, ಅಂಪೈರುಗಳು ಗುಂಪಾಗಿ ನಿಂತು ಮಾತಾಡಿದರು, ರೇಡನ್ನು ಮತ್ತೆ ಮಾಡಿಸಿದರು. ಅದಕ್ಕೆ ಯಾರೂ ಬಾಯಿ ಎನ್ನಲಿಲ್ಲ. ಹುರುಪು ಎಂದರು!

ನಾಯಕಿಯ ತಂದೆಗೆ ಈ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಮಗಳು ನಾಲ್ಕು ಮಂದಿಯ ಎದುರು ಮಾಸ್ತರರಿಗೆ ಎದುರುತ್ತರ ಕೊಟ್ಟಳೆಂದು ಮುಂದಿನ ವರ್ಷ ಅಂಗಳಕ್ಕೇ ಬಿಡಲಿಲ್ಲ. ನಾನು ಮನೆಗೆ ಹೋಗಿ ಹೇಳಿ ನೋಡಿದೆ. ತಾಯಿ ಚಹಾ ಕೊಟ್ಟು, "ಹೋಗ್ಲಿ ಬಿಡ್ರಿ ಅಕ್ಕೋರ, ಆಟೇನು ಅನ್ನ ಹಾಕ್ತದನು?" ಎಂದಳು. ಸೊಂಟದ ಕೆಳಗಿನ ಏಟು ಎಂದರೆ ನನ್ನ ಲೆಕ್ಕದಲ್ಲಿ ಇದು. ಅಂಪೈರ್ ಕೊಟ್ಟ ಔಟು ತಪ್ಪಿರಬಹುದು, ಸರಿಯೂ ಇರಬಹುದು, ಲಾಬಿಯ ಗೆರೆ ಅಂಪೈರಿಗೂ ಕಷ್ಟವೇ. ಕೇಳಿದ ಹುಡುಗಿಯ ಹೆಣ್ಣುತನಕ್ಕೆ ಹೊಡೆದದ್ದಿದೆಯಲ್ಲ, ಅದಕ್ಕೆ ಯಾವ ರೆಫರಿಯೂ ಐದು ನಿಮಿಷ ವಿಶ್ರಾಂತಿ ಕೊಡುವುದಿಲ್ಲ. ಬಸವಣ್ಣ ಹುಟ್ಟಿದ ಸೀಮೆ ನಮ್ಮದು, ಹೆಂಗಸರು ಕೂತು ಪ್ರಶ್ನೆ ಕೇಳಿದ ಅನುಭವ ಮಂಟಪದ ಪಾಠವನ್ನು ನಾನೇ ಇದೇ ಹುಡುಗಿಗೆ ಮಾಡಿದ್ದೆ.

ಆದ್ದರಿಂದ ಓದುಗ ಅಕ್ಕತಂಗಿಯರೆ, ನಿಮ್ಮ ಮಗಳು ಈ ವರ್ಷ ಆಡಲು ಹೋದರೆ ನೀವೂ ಒಂದು ದಿನ ಮನೆಗೆಲಸ ಮುಂದೆ ಹಾಕಿ ಹೋಗಿ ಕೂಡ್ರಿ. ಆಡುವ ಎರಡು ಶಾಲೆಗಳಿಗೆ ಸೇರದವರನ್ನು ಅಂಪೈರ್ ಮಾಡಿರೆಂದು ಪಂದ್ಯ ಶುರುವಾಗುವ ಮೊದಲೇ ಕೇಳಿ, ಆಮೇಲಲ್ಲ. ಅಂಕದ ಹಾಳೆಯನ್ನು ಎರಡೂ ತಂಡಕ್ಕೆ ತೋರಿಸಿ ಸಹಿ ಮಾಡಿಸಬೇಕೆನ್ನಿ. ನಾಯಕಿ ಹೋಗಿ ಕೇಳಿದರೆ ಅವಳ ಹಿಂದೆ ನಿಂತುಕೊಳ್ಳಿ. ಮಾತು ಅವಳೇ ಆಡಲಿ, ನೀವು ನಿಂತರೆ ಸಾಕು. ದೂರು ಕೊಡಲು ಶುಲ್ಕ ಎಷ್ಟು, ಯಾರ ಕೈಗೆ ಕೊಡಬೇಕು, ಎಷ್ಟು ಹೊತ್ತಿನೊಳಗೆ ಕೊಡಬೇಕು, ಇದನ್ನೂ ಮುಂಜಾನೆಯೇ ಕೇಳಿ ಬರೆದಿಟ್ಟುಕೊಳ್ಳಿ, ಅಷ್ಟು ದುಡ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಹೋಗಿ.